ಕೀ ಕೊಡುವ ಅಡುಗೆಮನೆ ಟೈಮರ್: ಒಂದು ಸ್ಪ್ರಿಂಗ್, ಎರಡು ಕೆಲಸ

ಓಟಿಜಿ (ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಒಂದರಲ್ಲೇ ಇರುವ ವಿದ್ಯುತ್) ಒಲೆಯ ಜೊತೆಗೋ, ಮೇಜಿನ ಮೇಲಿಡುವ 60 ನಿಮಿಷದ ಟೈಮರಿನ ಜೊತೆಗೋ ಬರುವ ಕೈಪಿಡಿಗಳಲ್ಲಿ ಹಲವು ಸಲ ವಿಚಿತ್ರವೆನಿಸುವ ಒಂದು ಸೂಚನೆ ಇರುತ್ತದೆ. ಹತ್ತು ನಿಮಿಷಕ್ಕಿಂತ ಕಡಿಮೆ ಅವಧಿ ಬೇಕಿದ್ದರೆ ಗುಂಡಿಯನ್ನು ಮೊದಲು ಹತ್ತರ ಗೆರೆಯನ್ನು, ಕೆಲವದರಲ್ಲಿ ಹದಿನೈದರ ಗೆರೆಯನ್ನು, ದಾಟಿಸಿ ಆಮೇಲೆ ಬೇಕಾದ ಗೆರೆಗೆ ಹಿಂದಕ್ಕೆ ತನ್ನಿ ಎಂಬುದು ಆ ಸೂಚನೆ. ಇದನ್ನು ಪಾಲಿಸದೆ ನೇರವಾಗಿ 4 ನಿಮಿಷಕ್ಕೆ ತಿರುಗಿಸಿದರೆ ಟಿಕ್ ಟಿಕ್ ಸದ್ದು ಸರಿಯಾಗಿಯೇ ಬರುತ್ತದೆ, ಗುಂಡಿ ಸೊನ್ನೆಗೂ ಬಂದು ನಿಲ್ಲುತ್ತದೆ, ಆದರೆ ಗಂಟೆ ಬಾರಿಸದೆಯೂ ಇರಬಹುದು. ಕಾಲ ಅಳೆಯುವ ಕೆಲಸ ನೆಟ್ಟಗೆ ನಡೆದು ಗಂಟೆ ಬಾರಿಸುವ ಕೆಲಸ ಮಾತ್ರ ಕೈಕೊಡುತ್ತದೆ ಎಂದಾದರೆ, ಈ ಪುಟ್ಟ ಡಬ್ಬಿಯೊಳಗೆ ಇರುವುದು ಒಂದು ಯಂತ್ರವಲ್ಲ, ಒಂದೇ ಅಕ್ಷಕ್ಕೆ ಜೋಡಿಸಿದ ಎರಡು ಯಂತ್ರಗಳು ಎಂದು ಅರ್ಥ. ಎರಡನ್ನೂ ಬಿಡಿಸಿ ನೋಡಿದರೆ ಕೈಪಿಡಿಯ ಸೂಚನೆಗೆ ಕಾರಣ ತಾನಾಗಿ ತಿಳಿಯುತ್ತದೆ.

ಮೊದಲು ಶಕ್ತಿಯ ಮೂಲವನ್ನು ನೋಡೋಣ. ಇದರಲ್ಲಿ ಬ್ಯಾಟರಿ ಇಲ್ಲ, ವಿದ್ಯುತ್ ಇಲ್ಲ. ಗುಂಡಿಯನ್ನು ತಿರುಗಿಸುವ ಕೈ ಕೊಟ್ಟದ್ದಷ್ಟೇ ಅದರ ಬಂಡವಾಳ. ಗುಂಡಿಯ ನಡುವಿನ ಅಕ್ಷಕ್ಕೆ ಚಪ್ಪಟೆಯಾದ ಉಕ್ಕಿನ ಪಟ್ಟಿಯೊಂದರ ಒಳತುದಿಯನ್ನು ಸಿಕ್ಕಿಸಿರುತ್ತಾರೆ. ಸುರುಳಿ ಸುತ್ತಿದ ಆ ಪಟ್ಟಿಯ ಹೊರತುದಿ ಚೌಕಟ್ಟಿಗೆ ಬಿಗಿದಿರುತ್ತದೆ. ಗುಂಡಿ ತಿರುಗಿದಂತೆ ಸುರುಳಿ ಬಿಗಿಯಾಗುತ್ತದೆ, ಕೈ ಬಿಟ್ಟ ಮೇಲೆ ಅದು ಮೊದಲಿನ ಸ್ಥಿತಿಗೆ ಮರಳಲು ಅಕ್ಷವನ್ನು ಹಿಂದಕ್ಕೆ ತಿರುಚುತ್ತದೆ. ಈ ಬಂಡವಾಳ ಎಷ್ಟೆಂದು ಅಂದಾಜು ಮಾಡುವುದು ಕಷ್ಟವಲ್ಲ. 2 ಸೆಂಟಿಮೀಟರ್ ತ್ರಿಜ್ಯದ ಗುಂಡಿಯ ಅಂಚನ್ನು ಸರಾಸರಿ ಕಾಲು ಕಿಲೋ ತೂಕದಷ್ಟು ಬಲದಿಂದ ಒಂದು ಪೂರ್ತಿ ಸುತ್ತು ತಿರುಗಿಸಿದೆವು ಎಂದುಕೊಂಡರೆ ಸುಮಾರು 0.3 ಜೂಲ್ ಶಕ್ತಿ ಸ್ಪ್ರಿಂಗಿಗೆ ಸೇರುತ್ತದೆ. ಇದು 100 ಗ್ರಾಂ ತೂಕವನ್ನು 30 ಸೆಂಟಿಮೀಟರ್ ಎತ್ತರಕ್ಕೆ ಎತ್ತಲು ಬೇಕಾಗುವಷ್ಟೇ. ಇಷ್ಟನ್ನೇ 3600 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಸಿಗುವುದು ಒಂದು ವಾಟಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ಪಾಲಿನಲ್ಲಿ ಒಂದು ಗಂಟೆ ಕಾಲ ತಪ್ಪದೆ ನಡೆಯಬೇಕು, ಕೊನೆಗೆ ಪಕ್ಕದ ಕೋಣೆಯವರಿಗೂ ಕೇಳುವಂತೆ ಸದ್ದು ಮಾಡಬೇಕು.

ಸ್ಪ್ರಿಂಗಿಗೆ ಒಂದು ಸ್ವಭಾವದೋಷವಿದೆ. ಹೆಚ್ಚು ಸುತ್ತಿದಷ್ಟೂ ಅದು ಹೆಚ್ಚು ಬಲದಿಂದ ತಿರುಚುತ್ತದೆ, ಸಡಿಲವಾದಂತೆ ಬಲ ಕುಗ್ಗುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 17ನೇ ಶತಮಾನದಲ್ಲಿ ಹೇಳಿದ ನಿಯಮ ಇದೇ. ಪೂರ್ತಿ ಸಡಿಲವಾದ ಸುರುಳಿಯಿಂದಲೇ ಟೈಮರಿನ ಸೊನ್ನೆ ಶುರುವಾಗಿದ್ದರೆ, 60ರ ಗೆರೆಯಲ್ಲಿ ಪೂರ್ಣ ಬಲವೂ ಕೊನೆಯ ನಿಮಿಷದಲ್ಲಿ ಇಲ್ಲವೆಂಬಷ್ಟು ಅಲ್ಪ ಬಲವೂ ಇರುತ್ತಿತ್ತು. ಆದ್ದರಿಂದ ತಯಾರಿಸುವಾಗಲೇ ಸುರುಳಿಯನ್ನು ಒಂದಷ್ಟು ಸುತ್ತು ಬಿಗಿದು, ಗುಂಡಿ ಸೊನ್ನೆಯಿಂದ ಹಿಂದೆ ಹೋಗದಂತೆ ತಡೆಯಿಟ್ಟು ಕೂರಿಸುತ್ತಾರೆ. ಉದಾಹರಣೆಗೆ ಸೊನ್ನೆಯಲ್ಲಿ 3 ಸುತ್ತಿನ ಬಿಗಿ, 60ರಲ್ಲಿ 4 ಸುತ್ತಿನ ಬಿಗಿ ಇರುವಂತೆ ಮಾಡಿದರೆ, ಇಡೀ ಗಂಟೆಯಲ್ಲಿ ಬಲ ಕುಗ್ಗುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಹೀಗಾಗಿ ಬೀರುವಿನಲ್ಲಿ ಸೊನ್ನೆಗೆ ನಿಂತು ತೆಪ್ಪಗಿರುವ ಟೈಮರಿನ ಒಳಗೂ ಸ್ಪ್ರಿಂಗ್ ಬಿಗಿಯಾಗಿಯೇ ಇರುತ್ತದೆ. ಕುತೂಹಲಕ್ಕೆ ಸ್ಕ್ರೂ ಬಿಚ್ಚುವವರು ಇದನ್ನು ನೆನಪಿಡುವುದು ಒಳ್ಳೆಯದು, ಏಕೆಂದರೆ ಎರಡು ತಗಡಿನ ಫಲಕಗಳು ಬೇರೆಯಾದ ಕ್ಷಣಕ್ಕೆ ಆ ಉಕ್ಕಿನ ಪಟ್ಟಿ ಬೆರಳಿಗೆ ಬಡಿಯುವಂತೆ ಬಿಚ್ಚಿಕೊಳ್ಳುತ್ತದೆ.

ಬಿಗಿದ ಸ್ಪ್ರಿಂಗನ್ನು ಹಾಗೆಯೇ ಬಿಟ್ಟರೆ ಗುಂಡಿ ಅರೆಕ್ಷಣದಲ್ಲಿ ಸೊನ್ನೆಗೆ ಹಾರುತ್ತದೆ. ಅದನ್ನು ಒಂದು ಗಂಟೆ ಎಳೆಯಬೇಕಾದರೆ ತುಂಬಿದ ಕೆರೆಗೆ ತೂಬು ಇರುವಂತೆ ಇಲ್ಲಿಯೂ ಅಳತೆಯಿಟ್ಟು ಹೊರಬಿಡುವ ವ್ಯವಸ್ಥೆಯೊಂದು ಬೇಕು. ಆ ವ್ಯವಸ್ಥೆಯಲ್ಲಿ ಎರಡು ಭಾಗಗಳಿವೆ: ವೇಗವನ್ನು ಹೆಚ್ಚಿಸಿ ಬಲವನ್ನು ಕುಗ್ಗಿಸುವ ಹಲ್ಲುಚಕ್ರಗಳ ಸಾಲು, ಆ ಸಾಲಿನ ತುದಿಯಲ್ಲಿ ತಡೆದು ತಡೆದು ಬಿಡುವ ಎಸ್ಕೇಪ್‌ಮೆಂಟ್.

ಹಲ್ಲುಚಕ್ರಗಳ ಲೆಕ್ಕವನ್ನು ಒಂದು ಊಹೆಯ ಟೈಮರಿನ ಮೇಲೆ ಮಾಡಿ ನೋಡಬಹುದು. ಅದು ಸೆಕೆಂಡಿಗೆ 4 ಸಲ ಟಿಕ್ ಎನ್ನುತ್ತದೆ, ತುದಿಯ ಚಕ್ರಕ್ಕೆ 15 ಹಲ್ಲುಗಳಿವೆ ಎಂದುಕೊಳ್ಳೋಣ. ಪ್ರತಿ ಹಲ್ಲೂ ಎರಡು ಸಲ ಟಿಕ್ ಎನ್ನಿಸುವುದರಿಂದ ಆ ಚಕ್ರ ಒಂದು ಸುತ್ತು ಬರಲು 30 ಟಿಕ್‌ಗಳು, ಅಂದರೆ ಏಳೂವರೆ ಸೆಕೆಂಡು ಬೇಕು. ನಿಮಿಷಕ್ಕೆ 8 ಸುತ್ತಾದರೆ ಗಂಟೆಗೆ 480 ಸುತ್ತು. ಅಷ್ಟು ಹೊತ್ತಿನಲ್ಲಿ ಗುಂಡಿ ತಿರುಗಿರುವುದು ಒಂದೇ ಸುತ್ತು. ಈ 480ರ ಅನುಪಾತವನ್ನು ಒಂದೇ ಜೋಡಿ ಚಕ್ರದಲ್ಲಿ ಸಾಧಿಸಲು ಹೋದರೆ ದೊಡ್ಡ ಚಕ್ರ ಒಲೆಗಿಂತ ಅಗಲವಾದೀತು. ಆದ್ದರಿಂದ ಮೂರು ಜೋಡಿಗಳಿಗೆ ಹಂಚುತ್ತಾರೆ. 8 ಹಲ್ಲಿನ ಪುಟ್ಟ ಚಕ್ರವನ್ನು 64 ಹಲ್ಲಿನದು ತಿರುಗಿಸುವ ಜೋಡಿಗಳು ಎರಡು, 60 ಹಲ್ಲಿನದು ತಿರುಗಿಸುವ ಜೋಡಿ ಒಂದು ಇದ್ದರೆ 8, 8 ಮತ್ತು 7.5ರ ಗುಣಲಬ್ಧ 480 ಆಗುತ್ತದೆ. ವೇಗ 480 ಪಟ್ಟು ಹೆಚ್ಚಿತು ಎಂದರೆ ಬಲ 480ರಲ್ಲಿ ಒಂದು ಭಾಗಕ್ಕೆ ಇಳಿಯಿತು ಎಂದು ಅರ್ಥ; ಘರ್ಷಣೆ ತಿನ್ನುವ ಪಾಲು ಬೇರೆ. ಆದ್ದರಿಂದಲೇ ಸ್ಪ್ರಿಂಗಿನ ಪಕ್ಕದ ಮೊದಲ ಚಕ್ರ ದಪ್ಪವಾಗಿ ಗಟ್ಟಿಯಾಗಿರುತ್ತದೆ, ತುದಿಯ ಚಕ್ರ ಉಗುರಿನಿಂದ ತಡೆದರೂ ನಿಂತುಬಿಡುವಷ್ಟು ಹಗುರವಾಗಿರುತ್ತದೆ. ಅಡುಗೆಮನೆಯ ಎಣ್ಣೆ ಹಬೆ ಮತ್ತು ಹಿಟ್ಟಿನ ಧೂಳು ಸೇರಿ ಕಟ್ಟುವ ಜಿಡ್ಡು ಮೊದಲು ನಿಲ್ಲಿಸುವುದು ಈ ತುದಿಯ ಚಕ್ರವನ್ನೇ. ಸ್ಪ್ರಿಂಗ್ ಸೋತಿತೆಂದು ಜನ ಎಸೆಯುವ ಟೈಮರುಗಳಲ್ಲಿ ಸ್ಪ್ರಿಂಗಿನ ತಪ್ಪು ಅಪರೂಪ ಎಂಬುದು ನನ್ನ ಅನಿಸಿಕೆ.

ಈಗ ಎಸ್ಕೇಪ್‌ಮೆಂಟಿಗೆ ಬರೋಣ. ತುದಿಯ ಚಕ್ರದ ಹಲ್ಲುಗಳು ಓರೆಯಾಗಿ, ಮೊನಚಾಗಿ ಇರುತ್ತವೆ. ಅದರ ಮಗ್ಗುಲಲ್ಲಿ ಎರಡು ಕೊಕ್ಕೆಗಳಿರುವ ಒಂದು ಸಣ್ಣ ತುಂಡು ಆಚೀಚೆ ಓಲಾಡುತ್ತದೆ. ಒಂದು ಕೊಕ್ಕೆ ಹಲ್ಲಿಗೆ ಅಡ್ಡ ನಿಂತಿರುವಾಗ ಹಲ್ಲು ಅದನ್ನು ಪಕ್ಕಕ್ಕೆ ತಳ್ಳುತ್ತದೆ; ತಳ್ಳಿಸಿಕೊಂಡ ಕೊಕ್ಕೆ ದಾರಿ ಬಿಡುತ್ತದೆ; ಚಕ್ರ ಅರ್ಧ ಹಲ್ಲಿನಷ್ಟು ಮುಂದೆ ಹಾರುವಷ್ಟರಲ್ಲಿ ಎದುರಿನ ಕೊಕ್ಕೆ ಇನ್ನೊಂದು ಹಲ್ಲಿಗೆ ಅಡ್ಡ ಬಂದಿರುತ್ತದೆ. ಹಲ್ಲು ಬಂದು ಕೊಕ್ಕೆಗೆ ಬಡಿಯುವ ಸದ್ದೇ ನಾವು ಕೇಳುವ ಟಿಕ್. ಒಂದೇ ತಳ್ಳಾಟದಲ್ಲಿ ಚಕ್ರವನ್ನು ತಡೆಯುವ ಕೆಲಸವೂ ಓಲಾಟಕ್ಕೆ ಬೇಕಾದ ಶಕ್ತಿಯನ್ನು ತುಂಬುವ ಕೆಲಸವೂ ನಡೆದುಹೋಗುವುದು ಇದರ ಜಾಣ್ಮೆ. ಕೈಗಡಿಯಾರಗಳಲ್ಲಿ ಈ ಕೊಕ್ಕೆಗಳ ಜಾಗದಲ್ಲಿ ಕೆಂಪು ಹರಳುಗಳಿರುತ್ತವೆ. ಅಗ್ಗದ ಯಂತ್ರಕ್ಕೆ ಹರಳು ದುಬಾರಿಯಾದ್ದರಿಂದ ಜಾರ್ಜ್ ಫ್ರೆಡೆರಿಕ್ ರೊಸ್ಕೋಫ್ ಎಂಬ ಗಡಿಯಾರ ತಯಾರಕ ಬಡವರಿಗಾಗಿ ರೂಪಿಸಿ 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟ ಗಡಿಯಾರದಲ್ಲಿ ಹರಳುಗಳ ಬದಲು ಉಕ್ಕಿನ ಸಣ್ಣ ಕಡ್ಡಿಗಳನ್ನು ನಿಲ್ಲಿಸಿದ್ದ. ಅಲಾರಂ ಗಡಿಯಾರಗಳೂ ಟೈಮರುಗಳೂ ಆ ದಾರಿಯಲ್ಲಿಯೇ ನಡೆದುಬಂದವು. ಇಂದಿನ ಅಗ್ಗದ ಟೈಮರುಗಳಲ್ಲಿ ಮಡಿಚಿದ ತಗಡು ಅಥವಾ ನೈಲಾನಿನ ಮೊಳೆಯೂ ಸಾಕಾಗುತ್ತದೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಶುರುವಾದ ಎಚ್‌ಎಂಟಿ ಕಾರ್ಖಾನೆಯ ಕೀ ಕೊಡುವ ಕೈಗಡಿಯಾರಗಳನ್ನು ಬಿಚ್ಚಿ ನೋಡಿದವರಿಗೆ ಈ ಟೈಮರಿನ ಒಡಲು ಪರಿಚಿತವೆನಿಸುತ್ತದೆ: ಅದೇ ಸುರುಳಿ, ಅದೇ ಚಕ್ರಗಳ ಸಾಲು, ಹರಳುಗಳು ಮಾತ್ರ ಮಾಯ.

ಓಲಾಡುವ ತುಂಡು ಎಷ್ಟು ಹೊತ್ತಿಗೊಮ್ಮೆ ಓಲಾಡುತ್ತದೆ ಎಂಬುದನ್ನು ಯಾವುದು ನಿರ್ಧರಿಸುತ್ತದೆ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳಿದ್ದು, ಟೈಮರಿನ ಗುಣಮಟ್ಟ ಬಹುಪಾಲು ಇಲ್ಲಿಯೇ ಇತ್ಯರ್ಥವಾಗುತ್ತದೆ. ತೀರ ಸರಳವಾದ ಯಂತ್ರದಲ್ಲಿ ಆ ತುಂಡಿಗೆ ಕೇವಲ ತೂಕವಿರುತ್ತದೆ, ಬೇರೇನೂ ಇರುವುದಿಲ್ಲ. ಹಲ್ಲು ತಳ್ಳಿದಷ್ಟು ಬೇಗ ಅದು ಸರಿಯುತ್ತದೆ. ತೂಕ ಹೆಚ್ಚಿದ್ದರೆ ನಿಧಾನ, ತಳ್ಳುವ ಬಲ ಹೆಚ್ಚಿದ್ದರೆ ಚುರುಕು. ಒಂದು ಓಲಾಟಕ್ಕೆ ಹಿಡಿಯುವ ಹೊತ್ತು ಬಲದ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ, ಮೇಲಿನ ಉದಾಹರಣೆಯಂತೆ ಸ್ಪ್ರಿಂಗಿನ ಬಲ ನಾಲ್ಕರಿಂದ ಮೂರು ಪಾಲಿಗೆ ಇಳಿದಾಗ ಪ್ರತಿ ಟಿಕ್ ಸುಮಾರು ಶೇಕಡಾ 15ರಷ್ಟು ದೀರ್ಘವಾಗುತ್ತದೆ. ಅಂಥ ಟೈಮರಿನಲ್ಲಿ ಮೊದಲ ಹತ್ತು ನಿಮಿಷವೂ ಕೊನೆಯ ಹತ್ತು ನಿಮಿಷವೂ ಒಂದೇ ಉದ್ದದವಾಗಿರುವುದಿಲ್ಲ.

ಎರಡನೆಯ ಬಗೆಯಲ್ಲಿ ಓಲಾಡುವ ತುಂಡು ಒಂದು ಪುಟ್ಟ ಬ್ಯಾಲೆನ್ಸ್ ಚಕ್ರಕ್ಕೆ ಕೂಡಿಕೊಂಡಿರುತ್ತದೆ, ಆ ಚಕ್ರದ ಅಕ್ಷಕ್ಕೆ ಕೂದಲಿನಷ್ಟು ತೆಳ್ಳನೆಯ ಇನ್ನೊಂದು ಸುರುಳಿ, ಹೇರ್‌ಸ್ಪ್ರಿಂಗ್, ಅಂಟಿಕೊಂಡಿರುತ್ತದೆ. ಚಕ್ರ ಯಾವ ಕಡೆಗೆ ತಿರುಗಿದರೂ ಈ ಸುರುಳಿ ಅದನ್ನು ನಡುವಿಗೆ ಎಳೆಯುತ್ತದೆ. ಹೆಚ್ಚು ದೂರ ತಿರುಗಿದರೆ ಹೆಚ್ಚು ಬಲದಿಂದ ಎಳೆಯುತ್ತದೆ. ಇದರಿಂದ ಓಲಾಟ ಅಗಲವಾಗಿರಲಿ ಕಿರಿದಾಗಿರಲಿ, ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ ಆಗುತ್ತದೆ. ಆ ಹೊತ್ತನ್ನು ತೀರ್ಮಾನಿಸುವುದು ಚಕ್ರದ ತೂಕದ ಹಂಚಿಕೆ ಮತ್ತು ಸುರುಳಿಯ ಬಿರುಸು ಮಾತ್ರ. ಮುಖ್ಯ ಸ್ಪ್ರಿಂಗ್ ದುರ್ಬಲವಾದರೆ ಓಲಾಟ ಕಿರಿದಾಗುತ್ತದೆಯೇ ಹೊರತು ತಡವಾಗುವುದಿಲ್ಲ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1675ರಲ್ಲಿ ಈ ಸುರುಳಿಯ ಗಡಿಯಾರವನ್ನು ಪ್ರಕಟಿಸಿದ ಮೇಲೆಯೇ ಜೇಬಿನಲ್ಲಿಡುವ ಗಡಿಯಾರಗಳು ನಂಬಿಕೆಗೆ ಅರ್ಹವಾದದ್ದು. ಟೈಮರಿನಲ್ಲಿ ಹಲ್ಲುಗಳೂ ಕೊಕ್ಕೆಗಳೂ ಒರಟಾಗಿರುವುದರಿಂದ, ಅವು ತಾಗಿದಾಗಲೆಲ್ಲ ಬ್ಯಾಲೆನ್ಸ್ ಚಕ್ರಕ್ಕೆ ಒಂದಿಷ್ಟು ಅಡಚಣೆಯಾಗುವುದರಿಂದ, ಈ ಸ್ವಾತಂತ್ರ್ಯ ಪೂರ್ಣವಲ್ಲ. ಆದರೂ ಮೊದಲ ಬಗೆಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಒಲೆಯ ಪಕ್ಕದ ಬಿಸಿ ಟೈಮರನ್ನು ಕೆಡಿಸುತ್ತದೆಯೇ ಎಂದು ಕೇಳುವವರಿದ್ದಾರೆ. ಬಿಸಿಗೆ ಉಕ್ಕಿನ ಹೇರ್‌ಸ್ಪ್ರಿಂಗ್ ಮೆತ್ತಗಾಗಿ ಗಡಿಯಾರ ನಿಧಾನವಾಗುವುದು ನಿಜ. ಸಾಮಾನ್ಯ ಉಕ್ಕಿಗೆ ಅದು ಒಂದು ಡಿಗ್ರಿ ಸೆಲ್ಸಿಯಸ್‌ಗೆ ದಿನಕ್ಕೆ ಸುಮಾರು 10 ಸೆಕೆಂಡು. 20 ಡಿಗ್ರಿ ಹೆಚ್ಚಾದರೂ ಒಂದು ಗಂಟೆಯಲ್ಲಿ ಆಗುವ ವ್ಯತ್ಯಾಸ ಎಂಟೊಂಬತ್ತು ಸೆಕೆಂಡು. ಕೈಗಡಿಯಾರಕ್ಕೆ ಇದು ದೊಡ್ಡ ದೋಷ, ಕೇಕ್ ಬೇಯಿಸುವವರಿಗೆ ಅಲ್ಲ. ಇದಕ್ಕಿಂತ ದೊಡ್ಡ ತಪ್ಪು ನಮ್ಮ ಕಣ್ಣಿನದು. 6 ಸೆಂಟಿಮೀಟರ್ ವ್ಯಾಸದ ಮುಖದ ಸುತ್ತಳತೆ ಸುಮಾರು 188 ಮಿಲಿಮೀಟರ್. ಅದನ್ನು 60ಕ್ಕೆ ಹಂಚಿದರೆ ನಿಮಿಷಕ್ಕೆ ಸಿಗುವುದು 3 ಮಿಲಿಮೀಟರಿಗೆ ತುಸು ಹೆಚ್ಚು. ಗೆರೆಯನ್ನು ಹೊಂದಿಸುವಾಗ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಅಲ್ಲಿಗೇ ಹತ್ತು ಸೆಕೆಂಡು ಹೋಯಿತು. ಮೂರು ನಿಮಿಷದ ಮೊಟ್ಟೆಗೆ ಇದು ಲೆಕ್ಕಕ್ಕೆ ಬರುವ ಮೊತ್ತವೇ.

ಇನ್ನೊಂದು ತೊಡಕನ್ನು ಬಿಡಿಸದೆ ಮುಂದೆ ಹೋಗುವಂತಿಲ್ಲ. ಗುಂಡಿಯ ಅಕ್ಷ 480 ಪಟ್ಟು ವೇಗ ಹೆಚ್ಚಿಸುವ ಚಕ್ರಗಳಿಗೆ ನೇರವಾಗಿ ಬೆಸೆದುಕೊಂಡಿದ್ದರೆ ನಾವು ಅದನ್ನು ತಿರುಗಿಸುವುದಾದರೂ ಹೇಗೆ? ಕೈ ಒಂದು ಸೆಕೆಂಡಿನಲ್ಲಿ ಅರ್ಧ ಸುತ್ತು ತಿರುಗಿಸಿದರೆ ತುದಿಯ ಚಕ್ರ ಅದೇ ಸೆಕೆಂಡಿನಲ್ಲಿ 240 ಸುತ್ತು ಹಿಮ್ಮುಖವಾಗಿ ತಿರುಗಬೇಕಾಗುತ್ತದೆ; ಕೊಕ್ಕೆಗಳು ಬಿಡುವುದಿಲ್ಲ, ಹಲ್ಲುಗಳು ಮುರಿಯುತ್ತವೆ. ಆದ್ದರಿಂದ ಅಕ್ಷಕ್ಕೂ ಮೊದಲ ಚಕ್ರಕ್ಕೂ ನಡುವೆ ಜಾರಿಕೊಳ್ಳುವ ಜೋಡಣೆ ಇರುತ್ತದೆ. ಕೆಲವು ಟೈಮರುಗಳಲ್ಲಿ ಅದು ಒಂದೇ ದಿಕ್ಕಿಗೆ ಹಿಡಿಯುವ ಹಲ್ಲು ಮತ್ತು ಚಿಲಕ. ತಿರುಗಿಸುವಾಗ ಕಿರ್ ಕಿರ್ ಎಂದು ಸದ್ದು ಮಾಡುವುದು ಅದೇ. ಉಳಿದವುಗಳಲ್ಲಿ ಬಾಗಿದ ಸ್ಪ್ರಿಂಗ್ ವಾಷರ್ ಒಂದು ಚಕ್ರವನ್ನು ಅಕ್ಷಕ್ಕೆ ಒತ್ತಿ ಹಿಡಿದಿರುತ್ತದೆ. ಆ ಹಿಡಿತ ಮುಖ್ಯ ಸ್ಪ್ರಿಂಗಿನ ಬಲಕ್ಕಿಂತ ಹೆಚ್ಚಿರಬೇಕು, ಇಲ್ಲವಾದರೆ ಸ್ಪ್ರಿಂಗ್ ಚಕ್ರಗಳನ್ನು ತಿರುಗಿಸುವ ಬದಲು ತಾನೇ ಜಾರಿ ಬಿಚ್ಚಿಕೊಳ್ಳುತ್ತದೆ. ಮನುಷ್ಯನ ಕೈ ಮೀರಿಸಬಹುದಾದಷ್ಟು ಕಡಿಮೆಯೂ ಇರಬೇಕು. ಗುಂಡಿಯನ್ನು ತಿರುಗಿಸಿ ಬಿಟ್ಟೊಡನೆ ಅದು ಸರ್ರನೆ ಸೊನ್ನೆಗೆ ಮರಳುತ್ತಿದ್ದರೆ ಈ ಹಿಡಿತ ಸವೆದಿದೆ ಎಂದು ಧಾರಾಳವಾಗಿ ಹೇಳಬಹುದು. ಚಿಲಕದ ಬಗೆಯ ಟೈಮರನ್ನು ಬಲವಂತವಾಗಿ ಹಿಂದಕ್ಕೆ ತಿರುಗಿಸಬಾರದು ಎನ್ನುವುದಕ್ಕೂ ಇದೇ ಕಾರಣ: ಆ ದಿಕ್ಕಿನಲ್ಲಿ ಚಿಲಕ ಹಿಡಿಯುತ್ತದೆ, ಕೈಯ ಬಲವೆಲ್ಲ ಎಸ್ಕೇಪ್‌ಮೆಂಟಿನ ಸಣ್ಣ ಹಲ್ಲುಗಳ ಮೇಲೆ ಬೀಳುತ್ತದೆ. ವಾಷರಿನ ಬಗೆ ಎರಡೂ ದಿಕ್ಕಿಗೆ ಜಾರುವುದರಿಂದ ಅದಕ್ಕೆ ಆ ಭಯವಿಲ್ಲ; ಹಿಂದಕ್ಕೆ ತನ್ನಿ ಎಂಬ ಕೈಪಿಡಿಯ ಸೂಚನೆ ಹೊಂದುವುದು ಈ ಬಗೆಗೆ.

ಇನ್ನು ಗಂಟೆ. ಅಕ್ಷದ ಮೇಲೆ ಒಂದು ಬಿಲ್ಲೆ ಇದ್ದು ಅದರ ಅಂಚಿನಲ್ಲಿ ಒಂದೇ ಒಂದು ಕಚ್ಚು ಇರುತ್ತದೆ. ಒಂದು ಸನ್ನೆ, ಅಂದರೆ ಪುಟ್ಟ ಲಿವರ್, ಆ ಅಂಚಿನ ಮೇಲೆ ಒರಗಿಕೊಂಡು ಸಾಗುತ್ತದೆ. ಅದು ಅಂಚಿನ ಮೇಲಿರುವವರೆಗೂ ಅದರ ಇನ್ನೊಂದು ತುದಿ ಸುತ್ತಿಗೆಯ ದಾರಿಗೆ ಅಡ್ಡ ಇರುತ್ತದೆ. ಗುಂಡಿ ಸೊನ್ನೆಗೆ ಬಂದಾಗ ಕಚ್ಚು ಸನ್ನೆಯ ಕೆಳಗೆ ಬರುತ್ತದೆ, ಸನ್ನೆ ಅದರೊಳಕ್ಕೆ ಬೀಳುತ್ತದೆ, ಅಡ್ಡಿ ಸರಿಯುತ್ತದೆ. ಸುತ್ತಿಗೆಯನ್ನು ಆಡಿಸುವುದು ಮತ್ತೊಂದು ಎಸ್ಕೇಪ್‌ಮೆಂಟ್. ಒರಟು ಹಲ್ಲುಗಳ ಚಕ್ರ, ಎರಡು ಕೊಕ್ಕೆಗಳಿರುವ ಸುತ್ತಿಗೆಯ ತೋಳು. ಹೇರ್‌ಸ್ಪ್ರಿಂಗ್ ಇಲ್ಲ, ಬ್ಯಾಲೆನ್ಸ್ ಚಕ್ರವೂ ಇಲ್ಲ. ಬಲ ಎಷ್ಟಿದೆಯೋ ಅಷ್ಟು ಬೇಗ, ಸುತ್ತಿಗೆಯ ತೂಕ ಅನುಮತಿಸಿದಷ್ಟು ಬೇಗ ಅದು ಬಡಿಯುತ್ತ ಹೋಗುತ್ತದೆ. ಕಾಲ ಅಳೆಯುವಾಗ ದೋಷವೆಂದು ನಾವು ದೂರಿದ ಅದೇ ಗುಣ ಇಲ್ಲಿ ಬೇಕಾದ ಗುಣ. ಗಂಟೆಯ ಸದ್ದು ಮೊದಲು ಬಿರುಸಾಗಿ, ಕೊನೆಗೆ ಟಿಣ್, ಟಿಣ್ ಎಂದು ಬಿಡಿಬಿಡಿಯಾಗಿ ಕ್ಷೀಣಿಸುವುದನ್ನು ಕೇಳಿದವರು ವರ್ಗಮೂಲದ ಆ ನಿಯಮವನ್ನು ಕಿವಿಯಿಂದಲೇ ಕೇಳಿದ್ದಾರೆ.

ಗಂಟೆಗೆ ಬೇಕಾದ ಶಕ್ತಿ ಹೆಚ್ಚಲ್ಲ, ಆದರೆ ಅದು ಒಮ್ಮೆಗೇ ಬೇಕು. ಕೈ ಕೊಟ್ಟ 0.3 ಜೂಲಿನ ಹತ್ತನೇ ಒಂದು ಪಾಲನ್ನು 5 ಸೆಕೆಂಡಿನಲ್ಲಿ ಖರ್ಚು ಮಾಡಿದರೂ, ಟಿಕ್ ಟಿಕ್ ಎನ್ನುವಾಗಿನ ಖರ್ಚಿನ ದರಕ್ಕೆ ಹೋಲಿಸಿದರೆ ಅದು ಸುಮಾರು 70 ಪಟ್ಟು. ಗಂಟೆಯ ಬಟ್ಟಲನ್ನು ನಡುವೆ ಮಾತ್ರ ಸ್ಕ್ರೂ ಹಾಕಿ ನಿಲ್ಲಿಸುತ್ತಾರೆ, ಏಕೆಂದರೆ ಬಟ್ಟಲು ಕಂಪಿಸುವಾಗ ಅಂಚು ಆಡುತ್ತದೆ, ನಡುಭಾಗ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಸುತ್ತಿಗೆ ಅಂಚಿಗೆ ಬಡಿದು ತಕ್ಷಣ ಹಿಂದೆ ಸರಿಯಬೇಕು. ಡಬ್ಬಿ ಕೆಳಗೆ ಬಿದ್ದು ತೋಳು ಒಂದಿಷ್ಟು ಬಾಗಿದರೂ ಸುತ್ತಿಗೆ ಅಂಚಿಗೆ ಒರಗಿ ನಿಂತು, ನಾದದ ಬದಲು ಟಕ್ ಟಕ್ ಎಂಬ ಬರಡು ಸದ್ದು ಬರುತ್ತದೆ. ತೋಳನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಾಗಿಸಿದರೆ ನಾದ ಮರಳುತ್ತದೆ. ಈ ಯಂತ್ರದಲ್ಲಿ ಮನೆಯಲ್ಲಿಯೇ ಧೈರ್ಯವಾಗಿ ಮಾಡಬಹುದಾದ ರಿಪೇರಿ ಬಹುಶಃ ಇದೊಂದೇ.

ಕೈಪಿಡಿಯ ಸೂಚನೆಗೆ ಉತ್ತರ ಇಲ್ಲಿದೆ. ಗಂಟೆ ಬಾರಿಸಲು ಬೇಕಾದ ಬಿಗಿ ಗುಂಡಿಯ ತಿರುವಿನಿಂದಲೇ ಬರಬೇಕು, ಅಡ್ಡಿಯ ಸನ್ನೆ ಕಚ್ಚಿನಿಂದ ಪೂರ್ತಿ ಮೇಲೆದ್ದು ತನ್ನ ಜಾಗದಲ್ಲಿ ಕೂರಲೂ ಒಂದಷ್ಟು ತಿರುವು ಬೇಕು. ಗುಂಡಿಯ ಒಂದು ಸುತ್ತು 60 ನಿಮಿಷವಾದರೆ 4 ನಿಮಿಷ ಎಂದರೆ 24 ಡಿಗ್ರಿ ಮಾತ್ರ. ಅಷ್ಟರಲ್ಲಿ ಈ ಎರಡೂ ನಡೆಯದೆ ಹೋಗಬಹುದು. ಹತ್ತರ ಗೆರೆ ದಾಟಿಸಿದಾಗ ನಡೆಯುತ್ತವೆ. ಆದರೆ ಗುಂಡಿಯನ್ನು ಹಿಂದಕ್ಕೆ ತಂದ ಮೇಲೂ ಗಂಟೆ ಬಾರಿಸುತ್ತದೆ ಎಂದರೆ, ಗಂಟೆಯ ಪಾಲಿನ ಬಿಗಿ ಗುಂಡಿಯ ಜೊತೆ ಹಿಂದಕ್ಕೆ ಬರದೆ ಒಳಗೆಲ್ಲೋ ಕೊಕ್ಕೆಗೆ ಸಿಕ್ಕಿ ನಿಂತಿದೆ ಎಂದಾಯಿತು. ಅದನ್ನು ನಿಲ್ಲಿಸುವ ಬಗೆ ತಯಾರಿಕೆಯಿಂದ ತಯಾರಿಕೆಗೆ ಬೇರೆಯಾಗುತ್ತದೆ. ಒಂದೇ ಏಟು ಹೊಡೆಯುವ ಓಟಿಜಿಯ ಟೈಮರಿನಲ್ಲಿ ಇದು ತೀರ ಸುಲಭ: ಸುತ್ತಿಗೆಯ ತೋಳನ್ನು ಬಿಲ್ಲೆಯೊಂದು ಎತ್ತಿ ಹಿಡಿಯುತ್ತದೆ, ಸೊನ್ನೆ ಬರುವವರೆಗೂ ತೋಳು ಎತ್ತಿದ ಸ್ಥಿತಿಯಲ್ಲೇ ಇದ್ದು, ಕಚ್ಚು ಬಂದಾಗ ಒಮ್ಮೆಗೇ ಬಟ್ಟಲಿನ ಮೇಲೆ ಬೀಳುತ್ತದೆ. ಟಿಂಗ್ ಎಂಬ ಆ ಒಂದು ಸದ್ದಿಗೆ ಎರಡನೆಯ ಎಸ್ಕೇಪ್‌ಮೆಂಟ್ ಬೇಕಿಲ್ಲ.

ಓಟಿಜಿಯ ಟೈಮರಿಗೆ ಇನ್ನೂ ಒಂದು ಹೊಣೆಯಿದೆ. ಅದೇ ಅಕ್ಷದ ಮತ್ತೊಂದು ಬಿಲ್ಲೆ ಹೀಟರಿನ ವಿದ್ಯುತ್ ಸ್ವಿಚ್ಚಿನ ತಾಮ್ರದ ಪಟ್ಟಿಗಳನ್ನು ಒತ್ತಿ ಹಿಡಿದಿರುತ್ತದೆ. ಸೊನ್ನೆಯಲ್ಲಿ ಆ ಬಿಲ್ಲೆಯ ಕಚ್ಚಿಗೆ ಪಟ್ಟಿ ಜಾರಿ ಸಂಪರ್ಕ ತಪ್ಪುತ್ತದೆ. ಹಲವು ಒಲೆಗಳಲ್ಲಿ ಗುಂಡಿಯನ್ನು ಸೊನ್ನೆಯಿಂದ ಎಡಕ್ಕೆ ತಿರುಗಿಸಿದರೆ ಒಲೆ ನಿಲ್ಲದೆ ಉರಿಯುವ ಒಂದು ಸ್ಥಾನವಿರುತ್ತದೆ. ಅಲ್ಲಿ ಸ್ಪ್ರಿಂಗಿಗೆ ಕೆಲಸವಿಲ್ಲ, ಬಿಲ್ಲೆಯ ಉಬ್ಬು ಸ್ವಿಚ್ಚನ್ನು ಸುಮ್ಮನೆ ಒತ್ತಿಕೊಂಡಿರುತ್ತದೆ. ಟಿಕ್ ಸದ್ದೂ ಇಲ್ಲ, ಗಂಟೆಯೂ ಇಲ್ಲ. ಒಲೆ ತಾನಾಗಿ ಆರುತ್ತದೆಂದು ನಂಬಿ ಆ ಸ್ಥಾನದಲ್ಲಿ ಬಿಟ್ಟು ಹೋಗುವುದು ಅಪಾಯ. ಅರೆ ಸ್ವಯಂಚಾಲಿತ ವಾಷಿಂಗ್ ಮೆಷಿನ್ನಿನ ಒಗೆಯುವ ಗುಂಡಿ ಇದೇ ಕುಟುಂಬದ್ದು. ಸಾಮಾನ್ಯವಾಗಿ 15 ನಿಮಿಷದ ಆ ಟೈಮರಿನಲ್ಲಿ ಚಕ್ರಗಳ ಸಾಲಿನ ನಡುವೆ, ಗುಂಡಿಗಿಂತ ವೇಗವಾಗಿ ತಿರುಗುವ ಒಂದು ಅಕ್ಷದ ಮೇಲೆ, ಇನ್ನಷ್ಟು ಉಬ್ಬುಗಳ ಬಿಲ್ಲೆ ಇರುತ್ತದೆ. ಮೋಟಾರು ಕೆಲವು ಸೆಕೆಂಡು ಬಲಕ್ಕೆ ತಿರುಗಿ, ನಿಂತು, ಎಡಕ್ಕೆ ತಿರುಗುವುದು ಆ ಉಬ್ಬುಗಳು ಸ್ವಿಚ್ಚುಗಳನ್ನು ಸರದಿಯಂತೆ ಒತ್ತುವುದರಿಂದ. ಇಷ್ಟೊಂದು ಸ್ವಿಚ್ಚುಗಳನ್ನು ತಳ್ಳುವ ಬಲವೆಲ್ಲ ಕೈ ಕೊಟ್ಟ ತಿರುವಿನಿಂದಲೇ ಬರಬೇಕಾದ್ದರಿಂದ ಅದರ ಸ್ಪ್ರಿಂಗ್ ಮೇಜಿನ ಮೇಲಿನ ಟೈಮರಿನದಕ್ಕಿಂತ ಬಿರುಸು, ಗುಂಡಿಯೂ ಬೆರಳಿಗೆ ಅಷ್ಟೇ ಬಿಗಿ.